ಮಧುಗಿರಿಯಲ್ಲಿ ಮೂರು ದಿನ

ಗೃಹಸ್ಥರು ಊರು ಬಿಟ್ಟು ಹೊರಡುವುದಕ್ಕೆ ಸಾಮಾನ್ಯವಾಗಿ ಮೂರೇ ಕಾರಣಗಳು: ಮದುವೆ, ಯಾತ್ರೆ, ಇಲ್ಲವೆ ಜಮೀನಿನ ವ್ಯವಹಾರ. ೨೦೨೦ನೆಯ ಇಸವಿಯ ಜನವರಿ ತಿಂಗಳಿನಲ್ಲಿ ನಾನು ಮಧುಗಿರಿಗೆ ಹೋದದ್ದು ಈ ಮೂರರಲ್ಲಿ ಯಾವುದಕ್ಕೂ ಸೇರಿದ ಕಾರಣಕ್ಕಲ್ಲ. ಹದಿಮೂರು ವರ್ಷದ ಹುಡುಗನೊಬ್ಬನ ಪರವಾಗಿ ವಕಾಲತ್ತು ವಹಿಸುವುದಕ್ಕೆ ಹೋಗಿದ್ದೆ.

ನನ್ನ ಅಕ್ಕನ ಮನೆ ಮಧುಗಿರಿಯ ಹಳೆಯ ಪೇಟೆಯಲ್ಲಿದೆ. ಭಾವನವರು ಆ ಸೀಮೆಯ ಶಾಲೆಗಳಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅವರು ಕಾಲವಾಗಿ ಆಗಲೇ ಹತ್ತು ವರ್ಷಗಳು ಕಳೆದಿದ್ದವು. ಎಳವೆಯಿಂದಲೂ ಅವರಿಗೆ ಒಂದು ಹವ್ಯಾಸ. ತಂತಿ ಸುತ್ತಿ, ಬೆಸುಗೆ ಹಾಕಿ, ತಮ್ಮ ಕೈಯಿಂದಲೇ ರೇಡಿಯೋ ಕಟ್ಟುವುದು. ೧೯೬೦ರ ದಶಕದಲ್ಲಿ ಉಪಾಧ್ಯಾಯರ ಸಂಬಳದಲ್ಲಿ ಅಂಗಡಿಯ ರೇಡಿಯೋ ಕೊಳ್ಳುವುದು ಸುಲಭವಾಗಿರಲಿಲ್ಲ; ರೇಡಿಯೋ ಇಟ್ಟುಕೊಂಡವರು ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿದ್ದ ಕಾಲವೂ ಅದು. ಅವರು ಹೋದ ಮೇಲೆ ಆ ಸಾಮಾನುಗಳೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿ ಅಟ್ಟವನ್ನು ಸೇರಿದವು. ಅವರೇ ಕಟ್ಟಿದ ವಾಲ್ವ್ ರೇಡಿಯೋ ಮಾತ್ರ ನಡುಮನೆಯ ಗೂಡಿನಲ್ಲಿ, ದಿನಕ್ಕೊಮ್ಮೆ ಧೂಳು ಒರೆಸಿಸಿಕೊಂಡು, ಮೂಕವಾಗಿ ಕುಳಿತಿತ್ತು.

ಅಕ್ಕನ ಮೊಮ್ಮಗನಿಗೆ ತಾತನ ಹುಚ್ಚು ಬಂದಿತ್ತು. ಅವನು ಒಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಆ ರೇಡಿಯೋವನ್ನು ವಿದ್ಯುತ್ತಿಗೆ ತಗುಲಿಸಿದ. ಎರಡು ನಿಮಿಷ ಗುಂಯ್‌ಗುಟ್ಟಿ, ಕಮಟು ವಾಸನೆ ಬಂದು, ಹೊಗೆಯೆದ್ದು, ಮನೆಯ ಫ್ಯೂಸು ಹಾರಿತು. ಅದೇ ವಾರ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳೂ ಬಂದವು, ಅವು ಹೇಳಿಕೊಳ್ಳುವಂತಿರಲಿಲ್ಲ. ಹುಡುಗನ ತಂದೆ ಎರಡನ್ನೂ ಕೂಡಿಸಿ ಒಂದೇ ತೀರ್ಪು ಕೊಟ್ಟ: ಇನ್ನು ಈ ಮನೆಯಲ್ಲಿ ತಂತಿ, ಬೆಸುಗೆ ಎಂಬ ಮಾತು ಕೂಡದು, ಪೆಟ್ಟಿಗೆಯನ್ನೂ ರೇಡಿಯೋವನ್ನೂ ಗುಜರಿಯವನಿಗೆ ಹಾಕಿಬಿಡತಕ್ಕದ್ದು. ಅಕ್ಕ ಸುಮ್ಮನಿದ್ದಳು. ಹುಡುಗ ನನಗೆ ಟೆಲಿಫೋನು ಮಾಡಿ, “ಅಜ್ಜ, ಸೋಮವಾರ ಗುಜರಿಯವನು ಬರುತ್ತಾನೆ” ಎಂದಷ್ಟೇ ಹೇಳಿದ. ಅಂದು ಗುರುವಾರ.

ಬೆಂಗಳೂರಿನ ಸಾದರ ಪತ್ರಪ್ಪನವರ ರಸ್ತೆಯನ್ನು ಕಾಣದ ಹವ್ಯಾಸಿ ನಮ್ಮ ನಾಡಿನಲ್ಲಿ ವಿರಳ. ಎಸ್. ಪಿ. ರೋಡ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಮೊಳದಗಲದ ಅಂಗಡಿಗಳಲ್ಲಿ ಸೂರಿನವರೆಗೂ ಸಣ್ಣ ಸಣ್ಣ ಡಬ್ಬಿಗಳು. ಒಂದೊಂದರಲ್ಲೂ ಸಾಸಿವೆ ಜೀರಿಗೆಯಂತೆ ತುಂಬಿಟ್ಟ ರೆಸಿಸ್ಟರು, ಕೆಪ್ಯಾಸಿಟರು, ಡಯೋಡುಗಳು. ಹಿಂದೆ ನಮ್ಮ ಊರಿನ ಜಾಲಹಳ್ಳಿಯಲ್ಲಿ, ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ, ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಮಾಡುತ್ತಿದ್ದರು. ಭಾವನವರು ಬೆಂಗಳೂರಿಗೆ ಬಂದಾಗಲೆಲ್ಲ ಅವನ್ನು ಹುಡುಕಿ ಕೊಂಡು, ಕರವಸ್ತ್ರದಲ್ಲಿ ಗಂಟುಕಟ್ಟಿ ಒಯ್ಯುತ್ತಿದ್ದದ್ದು ನನಗೆ ನೆನಪಿದೆ. ನಾನು ಆ ಶುಕ್ರವಾರ ಬೆಳಿಗ್ಗೆ ಕೊಂಡದ್ದು ಬಹಳ ಸ್ವಲ್ಪ: ಎನಾಮಲ್ ಲೇಪಿಸಿದ ಇಪ್ಪತ್ತಾರನೆಯ ಗೇಜಿನ ತಾಮ್ರದ ತಂತಿ, ಒಂದು ಗ್ಯಾಂಗ್ ಕಂಡೆನ್ಸರು, ಕಿವಿಗೆ ಸಿಕ್ಕಿಸುವ ಒಂದು ಸ್ಫಟಿಕದ ಇಯರ್‌ಫೋನು, ಒಂದು ಜರ್ಮೇನಿಯಂ ಡಯೋಡು. ಡಯೋಡಿನ ಪೊಟ್ಟಣವನ್ನು ಬಿಚ್ಚಿ ನೋಡಲಿಲ್ಲ. ಅವಸರದಲ್ಲಿ ಮಾಡಿದ ಈ ತಪ್ಪಿನ ಫಲವನ್ನು ಮುಂದೆ ಹೇಳುತ್ತೇನೆ.

ಈ ನಾಲ್ಕು ಸಾಮಾನಿನಿಂದ ಆಗತಕ್ಕದ್ದು ಸ್ಫಟಿಕ ರೇಡಿಯೋ. ಅದಕ್ಕೆ ಬ್ಯಾಟರಿ ಬೇಡ, ವಿದ್ಯುತ್ ಸಂಪರ್ಕ ಬೇಡ. ಆಕಾಶದಲ್ಲಿ ಹರಿದು ಬರುವ ತರಂಗದ ಅಲ್ಪಶಕ್ತಿಯೇ ಅದರ ಊಟ. ಹೊಗೆಯೆದ್ದ ಮನೆಯಲ್ಲಿ ಮಗುವಿನ ಪರವಾಗಿ ವಾದಿಸುವುದಕ್ಕೆ ಇದಕ್ಕಿಂತ ಸಾಧುವಾದ ಸಾಕ್ಷಿ ದೊರೆಯದೆಂದು ನಾನು ಭಾವಿಸಿದೆ.

ತುಮಕೂರಿನ ಮೇಲೆ ಬಸ್ಸು ಹಿಡಿದು ಹೊರಟೆನು. ತುಮಕೂರು ದಾಟಿ ಕೊರಟಗೆರೆಯ ದಾರಿ ಹಿಡಿದೊಡನೆ ಭೂಮಿಯ ಮುಖವೇ ಬೇರೆಯಾಗುತ್ತದೆ. ಬಲಗಡೆಗೆ ದೂರದಲ್ಲಿ ದೇವರಾಯನದುರ್ಗದ ಬೆಟ್ಟಗಳು. ಅಲ್ಲಿ ಹುಟ್ಟಿದ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನದಿಯೆಂದು ಹೆಸರೇ ಹೊರತು, ವರ್ಷದ ಬಹುಭಾಗ ಅದು ಮರಳಿನ ಹಾಸು. ಕೊರಟಗೆರೆಯ ಆಸುಪಾಸಿನ ಅಡಿಕೆ ತೆಂಗಿನ ತೋಟಗಳು ಕಣ್ಣಿಗೆ ತಂಪು. ಸಿದ್ಧರಬೆಟ್ಟಕ್ಕೆ ಹೋಗುವವರು ಇಲ್ಲಿ ಇಳಿಯುತ್ತಾರೆ. ಮುಂದೆ ಚನ್ನರಾಯನದುರ್ಗದ ಕೋಟೆಯನ್ನು ಹೊತ್ತ ಬೆಟ್ಟ. ಅದನ್ನು ಹಿಂದಿಕ್ಕಿದ ಮೇಲೆ ಹಸುರು ತೆಳುವಾಗಿ, ಬಂಡೆಗಳು ದಟ್ಟವಾಗಿ, ಕೊನೆಗೆ ಬಸ್ಸಿನ ಮುಂಗಾಜಿನ ತುಂಬ ಒಂದೇ ಬಂಡೆ ನಿಲ್ಲುತ್ತದೆ. ಅದೇ ಮಧುಗಿರಿ.

ಮನೆಯಲ್ಲಿ ನನ್ನನ್ನು ಆದರದಿಂದಲೇ ಬರಮಾಡಿಕೊಂಡರು; ಆದರೆ ನನ್ನ ಚೀಲದಲ್ಲಿ ಏನಿದೆಯೆಂಬುದು ಎಲ್ಲರಿಗೂ ಗೊತ್ತಿತ್ತು. ಊಟವಾದ ಮೇಲೆ ಹುಡುಗನ ತಂದೆ ನೇರವಾಗಿ ಮಾತೆತ್ತಿದ. “ಮಾವ, ಇವನ ಕೈಗೆ ಕರೆಂಟು ಹೊಡೆದಿದ್ದರೆ ಏನು ಗತಿ? ನಮ್ಮಪ್ಪನ ಕಾಲ ಬೇರೆ. ಆಗ ರೇಡಿಯೋ ಮಾಡಿದರೆ ಮನೆಗೆ ರೇಡಿಯೋ ಬರುತ್ತಿತ್ತು. ಈಗ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವುದನ್ನು ಮಾಡುವುದಕ್ಕೆ ಇವನು ಓದು ಬಿಡಬೇಕೆ?”

ಇದರಲ್ಲಿ ಮೊದಲನೆಯ ಮಾತು ಸಂಪೂರ್ಣ ನ್ಯಾಯವಾದದ್ದು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿಯೂ ಹಿರಿಯರ ಕಾಲದ ವಾಲ್ವ್ ರೇಡಿಯೋಗಳು ಇರಬಹುದಾದ ಕಾರಣ ಇಲ್ಲಿಯೇ ಹೇಳಿಬಿಡುತ್ತೇನೆ. ಬಹುಕಾಲ ಸುಮ್ಮನಿದ್ದ ಅಂಥ ರೇಡಿಯೋವನ್ನು ಒಮ್ಮೆಲೇ ವಿದ್ಯುತ್ತಿಗೆ ಹಾಕಬಾರದು. ಅದರೊಳಗಿನ ಕಾಗದದ ಕೆಪ್ಯಾಸಿಟರುಗಳು ತೇವ ಹೀರಿಯೂ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಒಣಗಿಯೂ ಕೆಟ್ಟಿರುತ್ತವೆ. ಒಳಗೆ ಇನ್ನೂರೈವತ್ತು ವೋಲ್ಟಿಗೂ ಮೇಲ್ಪಟ್ಟ ಒತ್ತಡವಿರುತ್ತದೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಸ್ವಲ್ಪ ಹೊತ್ತು ಅದು ಕೆಪ್ಯಾಸಿಟರುಗಳಲ್ಲಿ ಉಳಿದಿರುತ್ತದೆ. ಬಲ್ಲವರು ಆ ಭಾಗಗಳನ್ನು ಬದಲಿಸಿದ ಮೇಲಲ್ಲದೆ ಯಾರೂ ಕೈಹಾಕತಕ್ಕದ್ದಲ್ಲ. ಇದನ್ನು ಹುಡುಗನ ಮುಂದೆಯೇ, ಅವನ ತಂದೆಯ ಪಕ್ಷವಾಗಿಯೇ ಹೇಳಿದೆನು. ಹುಡುಗ ತಲೆ ತಗ್ಗಿಸಿದ.

“ಆದರೆ,” ಎಂದೆ, “ಕರೆಂಟೇ ಇಲ್ಲದ ರೇಡಿಯೋ ಒಂದನ್ನು ನಾವಿಬ್ಬರೂ ಮಾಡಿ ತೋರಿಸುತ್ತೇವೆ. ಭಾನುವಾರ ರಾತ್ರಿಯೊಳಗೆ ಅದು ಮಾತಾಡದಿದ್ದರೆ ಪೆಟ್ಟಿಗೆಯನ್ನು ನಾನೇ ಗುಜರಿಯವನ ಗಾಡಿಗೆ ಎತ್ತಿಕೊಡುತ್ತೇನೆ.” ಒಪ್ಪಂದವಾಯಿತು. ಅಕ್ಕ ಆಗಲೂ ಏನೂ ಹೇಳಲಿಲ್ಲ.

ಮಾಡುವ ಕ್ರಮ ಸುಲಭ. ಎರಡಂಗುಲ ವ್ಯಾಸದ ಪ್ಲಾಸ್ಟಿಕ್ ಕೊಳವೆಯ ತುಂಡಿನ ಮೇಲೆ ಎಪ್ಪತ್ತು ಸುತ್ತು ತಂತಿಯನ್ನು ಒಂದಕ್ಕೊಂದು ತಾಗುವಂತೆ ಬಿಗಿಯಾಗಿ ಸುತ್ತಬೇಕು. ಅದರ ಎರಡು ತುದಿಗಳಿಗೆ ಗ್ಯಾಂಗ್ ಕಂಡೆನ್ಸರು. ಒಂದು ತುದಿಯಿಂದ ಎತ್ತರದಲ್ಲಿ ಕಟ್ಟಿದ ಉದ್ದ ತಂತಿಗೆ, ಅಂದರೆ ಏರಿಯಲ್ಲಿಗೆ, ಸಂಬಂಧ, ಇನ್ನೊಂದರಿಂದ ಭೂಮಿಗೆ. ಏರಿಯಲ್ಲಿನ ಕಡೆಯಿಂದ ಡಯೋಡಿನ ಮೂಲಕ ಹೊರಟು, ಇಯರ್‌ಫೋನನ್ನು ಹಾದು, ಭೂಮಿಯ ತಂತಿಗೆ ಬಂದರೆ ಮಂಡಲ ಮುಗಿಯಿತು. ಇಯರ್‌ಫೋನಿಗೆ ಅಡ್ಡಲಾಗಿ ಒಂದು ರೆಸಿಸ್ಟರು ಹಾಕಬೇಕು. ಸುರುಳಿ, ಕಂಡೆನ್ಸರುಗಳು ಸೇರಿ ನೂರಾರು ತರಂಗಗಳಲ್ಲಿ ಒಂದನ್ನು ಆರಿಸುತ್ತವೆ. ತರಂಗ ಕ್ಷಣಕ್ಕೆ ಲಕ್ಷಾಂತರ ಸಲ ಹಿಂದುಮುಂದಾಗಿ ತೂಗುವುದರಿಂದ ಕಿವಿಗೆ ಅದರ ಅರ್ಥವಿಲ್ಲ. ಡಯೋಡು ಬಾವಿಯ ಕವಾಟದಂತೆ ಒಂದೇ ದಿಕ್ಕಿಗೆ ಬಿಟ್ಟು, ತರಂಗದ ಮೇಲೆ ಹೊರಿಸಿದ ದನಿಯನ್ನು ಇಳಿಸಿಕೊಡುತ್ತದೆ. ಮಳೆಗಾಲದಲ್ಲಿ, ಸಿಡಿಲಿನ ಹೊತ್ತಿನಲ್ಲಿ ಏರಿಯಲ್ಲನ್ನು ಬಿಚ್ಚಿ ಹೊರಗೆ ಹಾಕಬೇಕೆಂಬುದೊಂದೇ ಇದರಲ್ಲಿ ಮರೆಯಬಾರದ ಎಚ್ಚರಿಕೆ.

ಹಿತ್ತಲಿನ ತೆಂಗಿನ ಮರದಿಂದ ಮಾಳಿಗೆಯ ಕಂಬಕ್ಕೆ ಏರಿಯಲ್ ಕಟ್ಟಿದೆವು. ಕೊಳವೆಬಾವಿಯ ಕಬ್ಬಿಣದ ಪೈಪೇ ಭೂಮಿ. ಹುಡುಗ ಒಂದೂ ಸುತ್ತು ಮೇಲೇರದಂತೆ, ಉಸಿರು ಬಿಗಿಹಿಡಿದು ಎಪ್ಪತ್ತು ಸುತ್ತನ್ನೂ ಸುತ್ತಿದ. ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡ ಹುಡುಗ ಇವನೇ ಏನೆಂದು ಆಶ್ಚರ್ಯವಾಗುವಷ್ಟು ಅವನ ಕೈ ನಿಷ್ಠೆಯಿಂದಿತ್ತು. ರಾತ್ರಿ ಎಂಟಕ್ಕೆ ಎಲ್ಲ ಸಿದ್ಧವಾಯಿತು. ಇಯರ್‌ಫೋನು ಕಿವಿಗಿಟ್ಟು ಕಂಡೆನ್ಸರನ್ನು ಈ ಕೊನೆಯಿಂದ ಆ ಕೊನೆಯವರೆಗೆ ತಿರುಗಿಸಿದೆವು. ನಿಶ್ಶಬ್ದ. ಸಂಪರ್ಕಗಳನ್ನು ಬಿಚ್ಚಿ ಕಟ್ಟಿದೆವು. ನಿಶ್ಶಬ್ದ. ಹತ್ತು ಗಂಟೆಗೆ ಹುಡುಗನ ತಂದೆ ದೀಪ ಆರಿಸುತ್ತ, “ನಾಳೆ ನೋಡಿದರಾಯಿತು, ಮಲಗಿ” ಎಂದ. ಆ ಮಾತಿನಲ್ಲಿ ಹಂಗಿಸುವ ಭಾವವಿರಲಿಲ್ಲ. ಅದರಿಂದಲೇ ಅದು ಹೆಚ್ಚು ನೋಯಿಸಿತು.

ಮರುದಿನ ಹೊತ್ತು ಮೂಡುವ ಮೊದಲೇ ಹುಡುಗನನ್ನು ಕರೆದುಕೊಂಡು ಬೆಟ್ಟ ಹತ್ತಲು ಹೊರಟೆ. ಮನೆಯಲ್ಲಿ ಕುಳಿತು ಇಬ್ಬರೂ ಮುಖ ನೋಡಿಕೊಳ್ಳುವುದಕ್ಕಿಂತ ಅದು ಮೇಲೆನಿಸಿತು.

ಈ ಬೆಟ್ಟವನ್ನು ಏಷ್ಯಾ ಖಂಡದ ಎರಡನೆಯ ದೊಡ್ಡ ಏಕಶಿಲೆಯೆಂದು ಊರಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಳೆದವರು ಯಾರೋ ತಿಳಿಯದು. ಆದರೆ ಅದರ ಬುಡದಲ್ಲಿ ನಿಂತು ಮೇಲೆ ನೋಡಿದವರಿಗೆ ವಾದಿಸುವ ಮನಸ್ಸು ಬರುವುದಿಲ್ಲ. ಸಮುದ್ರಮಟ್ಟಕ್ಕೆ ೩,೯೩೦ ಅಡಿ ಎತ್ತರ. ಹಿಂದೆ ಊರಿಗೆ ಮದ್ದಗಿರಿ ಎಂಬ ಹೆಸರೇ ರೂಢಿಯಲ್ಲಿತ್ತು. ಬಂಡೆಯ ಪೊಟರೆಗಳಲ್ಲಿ ಹೆಜ್ಜೇನು ಕಟ್ಟುತ್ತಿದ್ದುದರಿಂದ ಮಧುಗಿರಿಯಾಯಿತೆಂದು ಹೇಳುವುದುಂಟು. ಪಾಳೆಯಗಾರರ ಕಾಲದಲ್ಲಿ ಮಣ್ಣಿನ ಕೋಟೆಯಾಗಿದ್ದು, ಹೈದರಾಲಿಯ ಕಾಲದಲ್ಲಿ ಕಲ್ಲಿನಿಂದ ಬಲಗೊಂಡಿತು. ಕೋಟೆ ಹುಟ್ಟಿದ ಕಥೆಯೂ ಸೊಗಸಾಗಿದೆ: ಒಂದು ಕುರಿ ತಪ್ಪಿಸಿಕೊಂಡು ಬೆಟ್ಟ ಹತ್ತಿ, ಸಂಜೆ ಮೈಯೆಲ್ಲ ನೀರು ತೊಟ್ಟಿಕ್ಕುತ್ತ ಇಳಿದು ಬಂದಿತಂತೆ, ಮೇಲೆ ನೀರಿದೆಯೆಂದು ತಿಳಿದ ಮೇಲಲ್ಲವೆ ಕೋಟೆ!

ಕೆಳಗಿನ ಬಾಗಿಲುಗಳನ್ನು ದಾಟಿದ ಮೇಲೆ ಮೆಟ್ಟಿಲುಗಳು ಮುಗಿದು, ಬರಿಯ ಬಂಡೆಯಲ್ಲಿ ಪಾದ ಊರುವಷ್ಟು ಕೊರೆದ ಗುಳಿಗಳು ಮೊದಲಾಗುತ್ತವೆ. ಕೆಲವೆಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿಗಳಿವೆ. ಗಾಳಿ ಬೀಸುವಾಗ ನನ್ನ ವಯಸ್ಸಿನವರು ಕುಳಿತು ತೆವಳುವುದರಲ್ಲಿ ಅವಮಾನವಿಲ್ಲ. ನಾನು ಹಾಗೆಯೇ ಮಾಡಿದೆ. ನೆತ್ತಿಯ ಮೇಲೆ ಹಾಳುಬಿದ್ದ ಗೋಪಾಲಕೃಷ್ಣನ ಗುಡಿ. ಅಲ್ಲಿಂದ ಕೆಳಗೆ ಊರು, ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರ ದೇವಸ್ಥಾನಗಳ ಗೋಪುರಗಳು. ಪೂರ್ವಕ್ಕೆ ಕೃಷ್ಣಮೃಗಗಳು ಮೇಯುವ ಮೈದನಹಳ್ಳಿಯ ಹುಲ್ಲುಗಾವಲಿನ ದಿಕ್ಕು. ವಾಯವ್ಯಕ್ಕೆ, ಮೊಗಲರ ಸುಬೇದಾರರು ಆಳಿದ ಶಿರಾದ ಬಯಲು.

ಹುಡುಗ ಇದಾವುದನ್ನೂ ನೋಡಲಿಲ್ಲ. “ಅಜ್ಜ, ಏರಿಯಲ್ಲನ್ನು ಇಲ್ಲಿ ಕಟ್ಟಿದ್ದರೆ ಕೇಳಿಸುತ್ತಿತ್ತೇ?” ಎಂದ. ಹಳೆಯ ಗೋಡೆಗೆ ಮೊಳೆ ಹೊಡೆಯುವುದು ಸಲ್ಲದೆಂದು ಹೇಳಿ, ಗಮನವನ್ನು ಬೇರೆಡೆಗೆ ತಿರುಗಿಸಲು ಅವನಿಗೆ ಎರಡು ಕಥೆ ಹೇಳಿದೆ.

ಮೊದಲನೆಯದು ಮೈಸೂರಿನದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಾದ ವಿಠ್ಠಲ ವಿಹಾರದಿಂದ ಮೂವತ್ತು ವ್ಯಾಟಿನ ಪುಟ್ಟ ಪ್ರೇಷಕಯಂತ್ರದ ಮೂಲಕ ಪ್ರಸಾರವನ್ನು ಆರಂಭಿಸಿದರು. ಮೂವತ್ತು ವ್ಯಾಟೆಂದರೆ ಇಂದಿನ ಒಂದು ಸಣ್ಣ ಬಲ್ಬಿನ ಶಕ್ತಿ. ವಿಜ್ಞಾನದ ಇಲಾಖೆಯೂ ಅಲ್ಲ, ಸರ್ಕಾರವೂ ಅಲ್ಲ. ಒಬ್ಬ ಗೃಹಸ್ಥರ ಹವ್ಯಾಸ. ಕೆಲವು ವರ್ಷ ಸ್ವಂತ ಖರ್ಚಿನಿಂದಲೂ ಇತರರ ನೆರವಿನಿಂದಲೂ ಅದನ್ನು ನಡೆಸಿದರು. ಆ ಮನೆಯ ನಿಲಯಕ್ಕೆ ಸಲ್ಲುತ್ತಿದ್ದ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ಸ್ವೀಕರಿಸಿತು. ಬೆಂಗಳೂರಿಗೆ ಆಕಾಶವಾಣಿ ನಿಲಯ ಬಂದದ್ದು ೧೯೫೫ರ ನವೆಂಬರಿನಲ್ಲಿ.

ಎರಡನೆಯದು ಕಲ್ಕತ್ತೆಯ ಜಗದೀಶಚಂದ್ರ ಬೋಸರದು. ಗೆಲೀನಾ ಎಂಬ ಸೀಸದ ಅದುರಿನ ಹರಳೊಂದರ ಮೇಲೆ ಲೋಹದ ಮೊನೆಯನ್ನು ತಾಗಿಸಿದರೆ ಅದು ವಿದ್ಯುತ್ ತರಂಗಗಳನ್ನು ಗುರುತಿಸುತ್ತದೆಂದು ಅವರು ಕಂಡುಕೊಂಡರು. ೧೯೦೪ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಆ ಮೇಲೆ ಲೋಕದ ಎಷ್ಟೋ ಮನೆಗಳಲ್ಲಿ ಮೊದಲ ರೇಡಿಯೋ ದನಿ ಕೇಳಿಸಿದ್ದು ಅಂಥ ಒಂದು ಚೂರು ಕಲ್ಲಿನ ಮೂಲಕ. “ನಿಮ್ಮ ತಾತನ ಮೊದಲ ರೇಡಿಯೋ ಕೂಡ ಅದೇ ಜಾತಿಯದು” ಎಂದೆ.

“ಕಲ್ಲು ಕೇಳಿಸಿಕೊಳ್ಳುತ್ತದೆಯೆ?” ಎಂದು ಹುಡುಗ ನಾವು ಕುಳಿತಿದ್ದ ಮಹಾಶಿಲೆಯನ್ನು ಅಂಗೈಯಿಂದ ತಟ್ಟಿದ. ಎಲ್ಲ ಕಲ್ಲೂ ಅಲ್ಲವೆಂದು ಹೇಳಬೇಕಾಯಿತು.

ಆ ದಿನ ಮಧ್ಯಾಹ್ನದಿಂದ ರಾತ್ರಿಯವರೆಗೆ ಮತ್ತೆ ಪ್ರಯತ್ನಿಸಿದೆವು. ಏರಿಯಲ್ಲನ್ನು ಉದ್ದ ಮಾಡಿದೆವು. ಭೂಮಿಯ ಪೈಪಿನ ತುಕ್ಕನ್ನು ಅರದಿಂದ ಉಜ್ಜಿದೆವು. ಪ್ರಯೋಜನವಾಗಲಿಲ್ಲ.

ಭಾನುವಾರ ಹುಡುಗನ ತಂದೆಗೆ ಪಾವಗಡದಲ್ಲಿ ಏನೋ ಕೆಲಸವಿದ್ದುದರಿಂದ ಎಲ್ಲರೂ ಅವನ ಕಾರಿನಲ್ಲಿಯೇ ಹೊರಟೆವು. ಪಾವಗಡ ತಾಲ್ಲೂಕನ್ನು ಆಂಧ್ರದ ನೆಲವೇ ಹೆಚ್ಚುಕಡಿಮೆ ಸುತ್ತಲೂ ಬಳಸಿಕೊಂಡಿದೆ. ಅಲ್ಲಿನವರ ಬಾಯಲ್ಲಿ ಕನ್ನಡ ತೆಲುಗುಗಳು ಒಂದೇ ವಾಕ್ಯದಲ್ಲಿ ಹೊಂದಿಕೊಂಡಿರುತ್ತವೆ. ಮಳೆ ಕಡಮೆ, ಕಡಲೆಕಾಯಿಯೇ ಆಧಾರ, ಕೊಳವೆಬಾವಿ ಎಷ್ಟು ಆಳಕ್ಕೆ ಹೋದರೂ ಬರುವ ನೀರಿನಲ್ಲಿ ಫ್ಲೋರೈಡಿನ ದೋಷ. ಊರಿನಲ್ಲಿ ಶನೈಶ್ಚರ ದೇವಾಲಯಕ್ಕೆ ಬರುವ ಯಾತ್ರಿಕರಿಂದ ಸದಾ ಸಂದಣಿ.

ದಾರಿಯಲ್ಲಿ ಚಹಾ ಕುಡಿಯಲು ನಿಂತಲ್ಲಿ, ತೋಟದ ಪಕ್ಕದ ಪಂಪಿನ ಮನೆಯಲ್ಲಿ ಹುಡುಗನ ಕಣ್ಣು ಒಂದು ಪ್ಲೈವುಡ್ ಪೆಟ್ಟಿಗೆಯ ಮೇಲೆ ಬಿತ್ತು. ರೈತನು ಸಂತೋಷದಿಂದ ಬಾಗಿಲು ತೆರೆದು ತೋರಿಸಿದ. ಒಳಗೆ ಹಳೆಯ ಮೊಬೈಲ್ ಫೋನೊಂದನ್ನು ಬಿಚ್ಚಿ, ಅದರ ಗಂಟೆಯ ತಂತಿಗಳನ್ನು ಒಂದು ಸಣ್ಣ ಟ್ರಾನ್ಸಿಸ್ಟರಿಗೂ ರಿಲೇಗೂ ಜೋಡಿಸಿತ್ತು. ಮನೆಯಿಂದ ಆ ಸಂಖ್ಯೆಗೆ ಕರೆಮಾಡಿದರೆ ಇಲ್ಲಿ ಗಂಟೆ ಬಾರಿಸುವ ಬದಲು ರಿಲೇ ಸೆಳೆದು, ಪಂಪಿನ ಸ್ಟಾರ್ಟರು ಹತ್ತುತ್ತದೆ. ಮೂರು ಫೇಸಿನ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆ, ಅದೂ ಅನೇಕ ವೇಳೆ ಸರಿರಾತ್ರಿಯಲ್ಲಿ ಬರುವ ಸೀಮೆಯಲ್ಲಿ ಇದರ ಬೆಲೆಯನ್ನು ಊಹಿಸಬಹುದು. “ಹಾವು ಚೇಳಿನ ಕತ್ತಲಲ್ಲಿ ಬದುವಿನ ಮೇಲೆ ನಡೆಯುವುದು ತಪ್ಪಿತು, ಸ್ವಾಮಿ” ಎಂದ ರೈತ. ಮೋಟಾರಿನ ಸುರುಳಿ ಕಟ್ಟುವ ಅಂಗಡಿಯ ಹುಡುಗನೊಬ್ಬ ಮಾಡಿಕೊಟ್ಟದ್ದಂತೆ. ಹುಡುಗನ ತಂದೆ ಅದನ್ನು ನಮ್ಮಿಬ್ಬರಿಗಿಂತ ಹೆಚ್ಚು ಹೊತ್ತು ನೋಡುತ್ತ ನಿಂತಿದ್ದ. ತೋಟದ ಪಂಪಿಗಾಗಿ ಅವನೂ ಎಷ್ಟೋ ರಾತ್ರಿ ಎದ್ದವನೇ.

ಪಾವಗಡದಿಂದ ನಾಗಲಮಡಿಕೆ ಹೋಬಳಿಯ ಕಡೆಗೆ ಹೋದರೆ, ದೂರಕ್ಕೆ ದೊಡ್ಡ ಕೆರೆಯೊಂದು ತುಂಬಿ ಹೊಳೆಯುವಂತೆ ಕಾಣುತ್ತದೆ. ಬರದ ಸೀಮೆಯಲ್ಲಿ ಇಷ್ಟು ನೀರೆಲ್ಲಿಂದ ಎಂದು ಹೊಸಬರು ಬೆರಗಾಗುತ್ತಾರೆ. ಸಮೀಪಿಸಿದ ಮೇಲೆ ಅದು ನೀರಲ್ಲ, ಗಾಜು ಎಂದು ತಿಳಿಯುತ್ತದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಹಬ್ಬಿರುವ ಸೌರ ವಿದ್ಯುತ್ ಕ್ಷೇತ್ರವಿದು. ೨೦೧೮ರ ಮಾರ್ಚಿಯಲ್ಲಿ ಆರಂಭವಾಗಿ, ೨೦೧೯ರ ಕೊನೆಗೆ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದೊಂದಿಗೆ ಪೂರ್ಣವಾಯಿತು. ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ ಗೇಣಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಸುವ ಕರಾರಿನ ಮೇಲೆ ರೈತರಿಂದ ಪಡೆದದ್ದು ಇದರ ವಿಶೇಷ. ಮಳೆಯನ್ನು ನಂಬಿ ಸೋತಿದ್ದ ಜಮೀನುದಾರರಿಗೆ ಇದು ಆಸರೆಯಾಯಿತು. ನೆಲವಿಲ್ಲದ ಕೂಲಿಕಾರರಿಗೂ ಕುರಿ ಮೇಯಿಸುವವರಿಗೂ ಮಾತ್ರ ಗೇಣಿಯಿಲ್ಲ. ಹೋದ ಮೇವಿನ ಬಯಲು ಹಿಂದಿರುಗಲೂ ಇಲ್ಲ. ಬಿಸಿಲು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ. ಅದರ ಫಸಲು ಹಾಗೆ ಹಂಚಿಕೆಯಾಗುವುದಿಲ್ಲ.

ರಸ್ತೆಯ ಬದಿಯಲ್ಲಿ ನಿಂತು ಹುಡುಗ ಕೇಳಿದ: “ಅಜ್ಜ, ಈ ಹಲಗೆಯಲ್ಲಿ ಕಾಣುವ ಒಂದೊಂದು ಚೌಕವೂ ಎಷ್ಟು ವೋಲ್ಟು ಕೊಡುತ್ತದೆ?”

“ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಅರವತ್ತೋ ಎಪ್ಪತ್ತೆರಡೋ ಚೌಕಗಳನ್ನು ಸರಪಣಿಯಂತೆ ಪೋಣಿಸಿ ಒಂದು ಹಲಗೆ ಮಾಡುತ್ತಾರೆ.”

“ಹೆಚ್ಚು ಏಕೆ ಬರುವುದಿಲ್ಲ?”

“ಇದು ಸಿಲಿಕಾನು, ಮಗು. ಮರಳಿನಿಂದ, ಬೆಣಚುಕಲ್ಲಿನಿಂದ ತೆಗೆದದ್ದು. ಅದರೊಳಗಿನ ಸಂಧಿಗೆ ಒಂದು ಹೊಸ್ತಿಲುಂಟು, ಸುಮಾರು ಒಂದು ವೋಲ್ಟಿನ ಹತ್ತರಲ್ಲಿ ಆರು ಪಾಲು. ಬಿಸಿಲಿನಲ್ಲಿ ಅದು ಕೊಡುವುದೂ ಆ ಮಟ್ಟದಲ್ಲಿಯೇ. ಡಯೋಡಾಗಿ ನಿಂತಾಗ ಅಷ್ಟು ಒತ್ತಡವಿಲ್ಲದೆ ಅದು ದಾರಿ ಬಿಡುವುದೂ ಇಲ್ಲ. ಜರ್ಮೇನಿಯಮ್ಮಿಗಾದರೆ ಅದರ ಅರ್ಧದಷ್ಟೂ ಬೇಡ. ಅದಕ್ಕೇ ನಮ್ಮ ರೇಡಿಯೋಗೆ…”

ಮಾತು ಅಲ್ಲಿಗೇ ನಿಂತಿತು. ಪೊಟ್ಟಣದೊಳಗಿದ್ದದ್ದು ಜರ್ಮೇನಿಯಮ್ಮೇ ಎಂದು ನಾನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಎರಡೂ ಜಾತಿಯವು ಗಾಜಿನೊಳಗೆ ಕುಳಿತ ಅಕ್ಕಿಕಾಳಿನಷ್ಟರವು. ನೋಟಕ್ಕೆ ಹೆಚ್ಚು ಭೇದವಿಲ್ಲ. ಎಪ್ಪತ್ತೈದು ಕಿಲೋಮೀಟರು ದೂರದಿಂದ ಬಂದ ತರಂಗ ನಮ್ಮ ತಂತಿಯಲ್ಲಿ ಎಬ್ಬಿಸುವ ಒತ್ತಡ ಅತ್ಯಲ್ಪ. ಸಿಲಿಕಾನಿನ ಹೊಸ್ತಿಲನ್ನು ಅದು ದಾಟಲಾರದು. ಎರಡು ದಿನ ನಾವು ಬಾಗಿಲು ಮುಚ್ಚಿದ ಮನೆಯ ಮುಂದೆ ನಿಂತು ಕೂಗಿದ್ದೆವು!

ಸಂಜೆ ಮನೆ ಸೇರಿದೊಡನೆ ಮೀಟರಿನಿಂದ ಅಳೆದೆವು. ಸೊನ್ನೆ ದಶಾಂಶ ಆರು. ಸಿಲಿಕಾನೇ. ತಪ್ಪು ನನ್ನದೆಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಆದರೆ ಭಾನುವಾರ ಸಂಜೆ ಮಧುಗಿರಿಯಲ್ಲಿ ಜರ್ಮೇನಿಯಂ ಡಯೋಡು ಎಲ್ಲಿಂದ ತರುವುದು? ಬೆಳಿಗ್ಗೆ ಗುಜರಿಯವನು ಬರುತ್ತಾನೆ.

ಆಗ, ಮೂರು ದಿನಗಳಲ್ಲಿ ಮೊದಲನೆಯ ಸಲ, ಅಕ್ಕ ಈ ವಿಷಯದಲ್ಲಿ ಬಾಯಿಬಿಟ್ಟಳು. “ಅವರ ಪೆಟ್ಟಿಗೆಯಲ್ಲಿ ಒಂದು ಕಲ್ಲು ಇರಬೇಕು ನೋಡು. ನಶ್ಯದ ಡಬ್ಬಿಯಲ್ಲಿ ಹತ್ತಿಯೊಳಗೆ ಇಟ್ಟಿರುತ್ತಿದ್ದರು. ಯಾರೂ ಬೆರಳಿನಿಂದ ಮುಟ್ಟಬಾರದು, ಎಣ್ಣೆಪಸೆ ತಾಗಿದರೆ ಕಿವುಡಾಗುತ್ತದೆ ಎನ್ನುತ್ತಿದ್ದರು.”

ಅಟ್ಟಕ್ಕೆ ಏಣಿ ಹಾಕಿದವನು ಹುಡುಗನ ತಂದೆಯೇ. ಪೆಟ್ಟಿಗೆಯ ತಳದಲ್ಲಿ ನಶ್ಯದ ಡಬ್ಬಿ, ಅದರೊಳಗೆ ಹತ್ತಿ, ಹತ್ತಿಯೊಳಗೆ ಹಿತ್ತಾಳೆಯ ಸಣ್ಣ ಬಟ್ಟಲಿನಲ್ಲಿ ಕೂರಿಸಿದ, ಬೆಳ್ಳಿಯಂತೆ ಮಿನುಗುವ, ಕಡಲೆಬೇಳೆಯಷ್ಟು ಗೆಲೀನಾ. ಅದರ ಜೊತೆಗೆ ಮೊನೆಯಾದ ಸೂಕ್ಷ್ಮ ತಂತಿಯ ತೋಳು, ಮತ್ತು ಬೇಕಲೈಟಿನ ಹಳೆಯ ಹೆಡ್‌ಫೋನು. ಸಿಲಿಕಾನ್ ಡಯೋಡನ್ನು ಬಿಚ್ಚಿ ಆ ಜಾಗದಲ್ಲಿ ಕಲ್ಲನ್ನು ಸೇರಿಸಿದೆವು. ಕಲ್ಲಿನ ಮೇಲೆ ಎಲ್ಲ ಜಾಗವೂ ಒಂದೇ ಸಮವಲ್ಲ; ತಂತಿಯ ಮೊನೆಯನ್ನು ಮೃದುವಾಗಿ ಎತ್ತಿ ಇಳಿಸಿ, ಸಚೇತನವಾದ ಬಿಂದುವನ್ನು ಹುಡುಕಬೇಕು. ಈ ಕೆಲಸವನ್ನು ಹುಡುಗನಿಗೇ ಬಿಟ್ಟೆ. ಎಷ್ಟು ಹೊತ್ತಾಯಿತೋ ತಿಳಿಯದು. ಇದ್ದಕ್ಕಿದ್ದಂತೆ ಅವನ ಕೈ ನಿಶ್ಚಲವಾಯಿತು. ಮುಖ ನೋಡಿದೊಡನೆ ನಮಗೆಲ್ಲ ಗೊತ್ತಾಯಿತು.

ಬೆಂಗಳೂರು ಆಕಾಶವಾಣಿ, ಆರುನೂರ ಹನ್ನೆರಡು ಕಿಲೋಹರ್ಟ್ಸ್. ದೂರದ ಬಾವಿಯಿಂದ ಬಂದಂತೆ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ, ಯಾರೋ ಹೆಂಗಸು ಕನ್ನಡದಲ್ಲಿ ಮಾತಾಡುತ್ತಿದ್ದಳು. ಹೆಡ್‌ಫೋನು ಕೈಯಿಂದ ಕೈಗೆ ಸಾಗಿತು. ಹುಡುಗನ ತಂದೆ ಬಹಳ ಹೊತ್ತು ಕೇಳಿ, ಪ್ಲಗ್ಗು ಎಲ್ಲಿಯಾದರೂ ಇದೆಯೇನೋ ಎಂಬಂತೆ ಮೇಜಿನ ಕೆಳಗೆ ಬಗ್ಗಿ ನೋಡಿದ. ಕೊನೆಗೆ ಅಕ್ಕನ ಸರದಿ. ಅವಳು ಸೆರಗಿನಿಂದ ಹೆಡ್‌ಫೋನಿನ ಧೂಳು ಒರೆಸಿ ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಕುಳಿತಳು. ಹಾಡು ಬಂತೋ ವಾರ್ತೆ ಬಂತೋ, ನಮಗೆ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ ಅದನ್ನು ತೆಗೆದಿಟ್ಟು, “ಮದುವೆಯಾದ ಹೊಸದರಲ್ಲಿ ಹೀಗೆಯೇ ಕೇಳಿಸಿದ್ದರು” ಎಂದು ಹೇಳಿ, ಅಡಿಗೆಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಗುಜರಿಯವನ ಗಾಡಿ ಬೀದಿಗೆ ಬಂತು. ಅಕ್ಕ ಒಂದು ಕಟ್ಟು ಹಳೆಯ ಪತ್ರಿಕೆ, ಎರಡು ತೂತುಬಿದ್ದ ಬಿಂದಿಗೆ ತಂದು ಹಾಕಿದಳು. “ಅದೇನೋ ರೇಡಿಯೋ ಇದೆ ಎಂದಿದ್ದಿರಲ್ಲ ತಾಯಿ?” ಎಂದು ಅವನು ಕೇಳಿದ. “ಅದು ಕೊಡುವುದಲ್ಲ” ಎಂದಳು.

ಹೊರಡುವ ಮುನ್ನ ತಂದೆ ಮಗನ ನಡುವೆ ಹೊಸದೊಂದು ಕರಾರಾಯಿತು. ಅದನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ. ಮಾಳಿಗೆಯ ಮೂಲೆಯ ಒಂದು ಮೇಜು ಹುಡುಗನದು. ಅಲ್ಲಿ ಬ್ಯಾಟರಿಯಿಂದ ನಡೆಯುವುದನ್ನು ಏನು ಬೇಕಾದರೂ ಕಟ್ಟಬಹುದು, ಕೆಡಿಸಬಹುದು. ಮನೆಯ ವಿದ್ಯುತ್ತಿಗೆ ತಾಗುವ ಕೆಲಸ ದೊಡ್ಡವರು ಪಕ್ಕದಲ್ಲಿಲ್ಲದೆ ಕೂಡದು. ವಾಲ್ವ್ ರೇಡಿಯೋವನ್ನು ಬಲ್ಲವರ ಕೈಯಲ್ಲಿ ಸರಿಪಡಿಸುವವರೆಗೆ ಅದರ ಪ್ಲಗ್ಗು ಅಜ್ಜಿಯ ಬೀರುವಿನಲ್ಲಿರತಕ್ಕದ್ದು. ಪರೀಕ್ಷೆಯ ತಿಂಗಳಲ್ಲಿ ಮೇಜಿಗೆ ರಜ. ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವುದನ್ನು ಏಕೆ ಮಾಡಬೇಕೆಂಬ ಪ್ರಶ್ನೆಯನ್ನು ಮಾತ್ರ ಅವನ ತಂದೆ ಮತ್ತೆ ಎತ್ತಲಿಲ್ಲ. ಬಸ್‌ನಿಲ್ದಾಣದವರೆಗೆ ನನ್ನ ಚೀಲ ಹಿಡಿದು ಬಂದು, ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು, “ಮಾವ, ಆ ಪಂಪಿನ ಪೆಟ್ಟಿಗೆ ಇದೆಯಲ್ಲ, ಅದನ್ನು ಇವನು ಮಾಡಬಲ್ಲನೇ?” ಎಂದು ಕೇಳಿದ.

“ನೀನು ಪಕ್ಕದಲ್ಲಿ ಕುಳಿತರೆ ಮಾಡಬಲ್ಲ” ಎಂದೆ. ಬಸ್ಸು ತಿರುಗಿತು, ಮಧುಗಿರಿಯ ಬಂಡೆ ಬಹುದೂರದವರೆಗೂ ಹಿಂದಿನಿಂದ ಕಾಣುತ್ತಲೇ ಇತ್ತು.